ಮುಖ ತಿಕ್ಕಿಸಿದ ಪದಕ

ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಜಮಖಂಡಿ ಕಡೆಯ ನಮ್ಮ ಹಳೆಯ ಊರು ಬಿಡುವಾಗ, ಗಂಟು ಹೊರಲು ಅಡ್ಡಿಯಾಗುತ್ತದೆಂದು ಅಜ್ಜಿ ಕೊರಳಿನ ಸರ ತೆಗೆದು ನನ್ನ ಕೈಗಿಟ್ಟಳು. ಅದರಲ್ಲಿ ತೂಗುತ್ತಿದ್ದ ಬೆಳ್ಳಿ ಪದಕವನ್ನು ನಾನು ಹತ್ತಿರದಿಂದ ನೋಡಿದ್ದು ಅಂದೇ. ಒಂದು ಬದಿಗೆ ಕಮಾನಿನ ಬಾವಿ, ಮೆಟ್ಟಿಲಿಳಿಯುವ ಹೆಂಗಸು. ಅವಳ ಸೆರಗಿನ ನೆರಿಗೆಗಳೂ ಎಣಿಸುವಂತಿದ್ದವು. ಇನ್ನೊಂದು ಬದಿ ಮಾತ್ರ ಬರೀ ನುಣುಪು.

“ಇಲ್ಲೇನಿತ್ತಬೇ?” ಎಂದು ಕೇಳಿದೆ.

“ಸಂಸ್ಥಾನದ ರಾಜರ ಮುಖಾ ಇತ್ತು. ಊರ ಬಾವಿ ಕಟ್ಟಿಸಿದ್ದಕ್ಕ ನಿಮ್ಮಜ್ಜಗ ದರಬಾರದಾಗ ಕೊಟ್ಟಿದ್ರು.”

“ಸವದು ಹೋತೇನು?”

“ಇಲ್ಲವ್ವಾ, ಬೆಳ್ಳಿ-ಬಂಗಾರದ ಕೆಲಸದ ಪತ್ತಾರನ ಕಡೆ ನಾನ ತಿಕ್ಕಿಸಿದೆ. ಪರ ಗಂಡಸಿನ ಮುಖಾ ಎದಿ ಮ್ಯಾಲ ಹಾಕ್ಕೊಂಡು ಹೆಂಗ ಅಡ್ಡಾಡ್ಲಿ? ಬಾವಿ ನಮ್ಮದು, ಅದಿರಲಿ ಅಂದೆ.”

“ಅಜ್ಜ ಏನಂದ?”

“ಭಾಳ ದಿನಾ ಮಾತು ಬಿಟ್ಟಿದ್ದ.”

ನನಗೆ ಕುತೂಹಲ ತಡೆಯಲಿಲ್ಲ. ಪದಕವನ್ನು ಬಾಗಿಲ ಬೆಳಕಿಗೆ ಹಿಡಿದು ಓರೆ ಮಾಡಿದೆ. ಅಂಚಿನಲ್ಲಿ ಎಳೆಯಂಥ ಗೆರೆಯೊಂದು ಮೂಡಿತು. ಅದು ರಾಜರ ತಲೆಯ ರುಮಾಲಿನ ತುದಿ. ಅಜ್ಜಿಗೆ ತೋರಿಸಿದೆ. ಅವಳೂ ಅದನ್ನು ಎಂದೂ ಗಮನಿಸಿರಲಿಲ್ಲ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, ಮೆಲ್ಲಗೆ ನಕ್ಕಳು.

“ರಾಜರನ್ನ ಪೂರಾ ತಿಕ್ಕಾಕ ಪತ್ತಾರ ಅಂಜ್ಯಾನ ನೋಡು,” ಎಂದಳು.