ನೂರು ರೂಪಾಯಿಯ ಕಡಿತ

ಪಕ್ಕದ ಮನೆಯ ಮಾಸ್ತರರು ಟಿವಿ ನೋಡುವಾಗ ಮುಖವನ್ನು ಬಾಗಿಲಿನ ಕಡೆ ಮಾಡಿ ಕೂರುತ್ತಿದ್ದರು. ಬಲಗಿವಿ ಕೇಳುತ್ತಿರಲಿಲ್ಲ, ಎಡಗಿವಿಯನ್ನು ಟಿವಿಗೆ ಕೊಟ್ಟು ಕೂತರೆ, ಬಂದವರಿಗೆ ತಮ್ಮ ದಾರಿಯನ್ನೇ ಕಾಯುತ್ತಿದ್ದಾರೆ ಅನಿಸುತ್ತಿತ್ತು. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ, ನಿವೃತ್ತರಾಗಿ ಮೋರಖಂಡಿಗೆ ಬಂದಿದ್ದರು. ಬಜೆಟ್ ಅಧಿವೇಶನ ಶುರುವಾಯಿತೆಂದರೆ, ಊರವರು ಕ್ರಿಕೆಟ್ ನೋಡುವ ಹಾಗೆ ಅವರು ಲೋಕಸಭೆ ನೋಡುತ್ತಿದ್ದರು.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮಹಿಳಾ ಮೀಸಲು ಸೀಟಿಗೆ ನನ್ನನ್ನು ನಿಲ್ಲಿಸಿ ಪಂಚಾಯತಿ ಮೆಂಬರ್ ಮಾಡಿದರು. ನಾನೋ ನಾಲ್ಕು ಜನರೆದುರು ಬಾಯಿ ಬಾರದವಳು. ನಮ್ಮ ಓಣಿಯ ಕಡೆಯ ಮನೆಗಳಿಗೆ ನಳದ ಪೈಪು ಮುಟ್ಟಿರಲಿಲ್ಲ. ಅಲ್ಲಿಯ ಹೆಂಗಸರು ಖಾಲಿ ಕೊಡ ಹಿಡಿದು ಹೋಗುವಾಗ, "ಮೆಂಬರಬಾಯಿ, ಕುರ್ಚಿ ಮೆತ್ತಗದೇನ್ರಿ?" ಅನ್ನುತ್ತಿದ್ದರು. ಪಂಚಾಯತಿಯ ಬಜೆಟ್ ಸಭೆಯಲ್ಲಿ ಕಾರ್ಯದರ್ಶಿ ಓದುವುದು, ನಾವು ಕೈ ಎತ್ತುವುದು. ನಾನು ನೀರು ಅನ್ನುವಷ್ಟರಲ್ಲಿ ಚಹಾ ಬಂದಿರುತ್ತಿತ್ತು.

ಇದನ್ನು ಹೇಳಿಕೊಂಡಾಗ ಮಾಸ್ತರರು ಟಿವಿ ತೋರಿಸಿದರು. "ಇಲ್ಲಿ ನೋಡು ತಂಗಿ. ಸರ್ಕಾರ ಬಜೆಟ್ ಓದಿದ ಕೂಡ್ಲೇ ಮುಗೀಲಿಲ್ಲ. ಸಮಿತಿಗೋಳು ಕೂತು ಇಲಾಖೆಗೋಳ ಖರ್ಚು ನೋಡ್ತಾವ. ಆಮ್ಯಾಲ ಚರ್ಚಾ, ಮತ. ಸಭಾ ಹೂಂ ಅನ್ನಲಾರದ ಖಜಾನಿದಿಂದ ಏನೂ ಹೊರಗ ಬರಾಂಗಿಲ್ಲ."

ಕಡೆಯ ದಿನ ವೇಳೆ ಮೀರಿ, ಚರ್ಚೆಯಾಗದ ಇಲಾಖೆಗಳನ್ನೆಲ್ಲ ಒಟ್ಟಿಗೇ ಮತಕ್ಕೆ ಹಾಕಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ. "ಇಷ್ಟು ದಿನ ಜಗಳಾಡಿದ್ರು, ಈಗ ಗಂಟು ಕಟ್ಟಿ ಪಾಸ್ ಮಾಡಾಕತ್ತಾರ," ಎಂದು ಟಿವಿಗೇ ಬೈಯುತ್ತಿದ್ದರು.

ಕಡಿತ ಸೂಚನೆ ಎಂಬುದನ್ನು ನನಗೆ ಹೇಳಿಕೊಟ್ಟವರು ಅವರೇ. ಒಂದು ಇಲಾಖೆಯ ಮೇಲೆ ದೂರಿದ್ದರೆ, ಅದು ಕೇಳಿದ ಹಣದಲ್ಲಿ ನೂರು ರೂಪಾಯಿ ಕಡಿಮೆ ಮಾಡಿರೆಂದು ಲೋಕಸಭೆಯ ಸದಸ್ಯರು ಸೂಚಿಸಬಹುದು. ಹಣ ಉಳಿಯಲಿ ಎಂದಲ್ಲ. ದೂರು ಸಭೆಯ ಮುಂದೆ ಬರಲಿ, ಮಂತ್ರಿ ಉತ್ತರ ಕೊಡಲಿ ಎಂದು.

ಪಂಚಾಯತಿಯಲ್ಲಿ ಅಂಥ ಪದ್ಧತಿ ಇದೆಯೋ ಇಲ್ಲವೋ ನಾನು ಕೇಳಲೇ ಇಲ್ಲ. ಮುಂದಿನ ಸಭೆಯಲ್ಲಿ ಕಾರ್ಯದರ್ಶಿ ನೀರಿನ ಖರ್ಚು ಓದುತ್ತಲೇ ಎದ್ದು, "ಇದರಾಗ ನೂರು ರೂಪಾಯಿ ಕಡಿಮಿ ಮಾಡ್ರಿ," ಅಂದೆ.

ನನ್ನ ಮಗನ ವಯಸ್ಸಿನ ಅಧ್ಯಕ್ಷ ನಕ್ಕ. "ಎಲ್ಲಾರೂ ಹೆಚ್ಚಿಗಿ ಕೇಳ್ತಾರ, ನೀವು ಕಡಿಮಿ ಕೇಳ್ತೀರಲ್ರಿ ಕಾಕು. ನೂರು ರೂಪಾಯಿದಾಗ ಏನ್ ಉಳೀತದ?"

"ಉಳಿಸಾಕಲ್ಲಪಾ. ಕಡೀ ಮನಿಗೋಳಿಗಿ ನೀರು ಯಾಕ ಮುಟ್ಟಿಲ್ಲ, ಅದನ್ನ ಹೇಳು. ಆಮ್ಯಾಲ ಕೈ ಎತ್ತತೇನಿ."

ತಂದಿಟ್ಟ ಚಹಾ ಆರಿತು. ಕೊನೆಗೆ ಅಧ್ಯಕ್ಷ ಎದ್ದು, ಬೇಸಿಗೆಯೊಳಗೆ ಪೈಪು ಹಾಕಿಸುವುದಾಗಿ ಹೇಳಿ, ಅದನ್ನು ನಡಾವಳಿಯಲ್ಲಿ ಬರೆಸಿದ. ಮತಕ್ಕೆ ಹಾಕಿದಾಗ ನನ್ನ ಸೂಚನೆಗೆ ಎತ್ತಿದ ಕೈ ಮಾತ್ರ ನನ್ನದೊಂದೇ.

ಮಾಸ್ತರರು ಆಗ ಹುಮನಾಬಾದಿನ ದವಾಖಾನೆಯಲ್ಲಿದ್ದರು. ಬಸ್ಸು ಹಿಡಿದು ಹೋಗಿ, ಸೋತೆನೆಂದು ಅವರ ಎಡಗಿವಿಯಲ್ಲಿ ಹೇಳಿದೆ.

"ಅದು ಸೋಲೂದೇ ತಂಗಿ, ದಿಲ್ಲಿದಾಗೂ ಸೋಲ್ತದ. ಅಂವ ಉತ್ತರ ಕೊಡೂಮುಂದ ಎದ್ದು ನಿಂತಿದ್ನೇನು?"

"ನಿಂತಿದ್ನ್ರಿ ಸರ್."

"ಮತ್ತೇನು ಬೇಕು," ಅಂದರು.

ಪೈಪು ಬರುವ ಮೊದಲೇ ಅವರು ತೀರಿಹೋದರು. ನಳದಲ್ಲಿ ಮೊದಲು ಬರೀ ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು. ಕಡೆಯ ಮನೆಯ ಹೆಂಗಸರು ಮೊದಲ ಕೊಡ ತುಂಬಿ ನನ್ನ ಕೈಗೆ ಕೊಟ್ಟರು. ಅದನ್ನು ಮಾಸ್ತರರ ಮನೆಗೆ ಒಯ್ದೆ.

"ನಮ್ಮ ನಳಕ್ಕ ನೀರು ಬರ್ತಾವಲ್ಲ ತಂಗಿ," ಅಂದರು ಅವರ ಹೆಂಡತಿ.

"ಇವು ಸರ್ ಅವರ ನೀರ್ರಿ," ಅಂದೆ. ಅವರು ಸರಿದು ದಾರಿ ಬಿಟ್ಟರು.