ಸದ್ದು ಮಾಡದ ಬೇಸಿಗೆ

ರಜೆ ಶುರುವಾದ ವಾರ ಮಗ-ಸೊಸೆಯ ಮನೆಗೆ ಅತ್ತೆ ಬಂದಿಳಿದರು. ಮೊಮ್ಮಕ್ಕಳನ್ನು ಹದ್ದುಬಸ್ತಿನಲ್ಲಿಡುವುದು ತಮ್ಮ ಕೆಲಸ ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ಸೊಸೆ ಆಸ್ಪತ್ರೆಯಲ್ಲಿ ನರ್ಸು. ಆ ಬೇಸಿಗೆಯಿಡೀ ಅವಳಿಗೆ ಮಕ್ಕಳ ವಾರ್ಡಿನಲ್ಲಿ ರಾತ್ರಿ ಪಾಳಿ ಬಿದ್ದಿತ್ತು. ಬೆಳಿಗ್ಗೆ ಬಂದು, ಎಲ್ಲರಿಗೂ ತಿಂಡಿ ಮಾಡಿಟ್ಟು, ಮಧ್ಯಾಹ್ನ ಕಳೆಯುವವರೆಗೆ ಮಲಗಬೇಕು. ಮಗ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೆ. ಮನೆಯೋ ಎರಡೇ ಕೋಣೆ, ನಡುವೆ ಬಾಗಿಲಿಲ್ಲ, ಒಂದು ಪರದೆ.

ಮೊಮ್ಮಗಳು ಮೆತ್ತಗಿನ ಹುಡುಗಿ. ಅವಳ ತಮ್ಮನಿಗೆ ಮನೆಯವರು ಇಟ್ಟ ಅಡ್ಡಹೆಸರು ಪಟಾಕಿ, ಹೆಸರಿಗೆ ತಕ್ಕ ಹಾಗೇ ಇದ್ದ. ಮೊದಲ ದಿನವೇ ಅವನು ಅಟ್ಟದಿಂದ ಪಾತ್ರೆಯ ರಾಶಿಯನ್ನು ಎಳೆದು ನೆಲಕ್ಕೆ ಬೀಳಿಸಿದ. "ಶ್! ಅಮ್ಮ ಮಲಗಿದಾಳೆ!" ಎಂದು ಅತ್ತೆ ಗದರಿದ್ದು ಪಾತ್ರೆಯ ಸದ್ದಿಗಿಂತ ಜೋರಾಯಿತು.

ಪರದೆ ಸರಿಸಿ ಸೊಸೆ ಹೊರಗೆ ಬಂದಳು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಇವತ್ತು ಹುಡುಗನ ಬೆನ್ನು ಮುರಿಯುತ್ತದೆ ಎಂದುಕೊಂಡರು ಅತ್ತೆ. ಆದರೆ ಅವಳು ಮೂಲೆಯಲ್ಲಿದ್ದ ಹಳೇ ಪೇಪರಿನ ಕಟ್ಟು ಎಳೆದು, ಬಕೆಟ್ಟಿಗೆ ಅರ್ಧ ನೀರು ತುಂಬಿ, ನೆಲದ ಮೇಲೆ ಕೂತಳು.

"ಇದನ್ನೆಲ್ಲ ಚೂರುಚೂರು ಮಾಡಿ ಇದರೊಳಗೆ ಹಾಕಿ," ಎಂದು ಪಿಸುಗುಟ್ಟಿದಳು. "ಆದ್ರೆ ಹರಿಯೋ ಸದ್ದು ನನಗೆ ಕೇಳಿಸಬಾರದು. ಹೇಗೆ ಅಂತ ನೀವೇ ಕಂಡುಹಿಡೀರಿ."

ಅವಳು ಹೋಗಿ ಮಲಗಿದಳು. ಪಟಾಕಿ ಒಂದು ಹಾಳೆ ಹರಿದ. ಪರ್ ಎಂದಿತು. ಅಕ್ಕ ನಿಧಾನವಾಗಿ ಹರಿದಳು. ಅದೂ ಪರ್ ಎಂದಿತು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಹುಡುಗ ಇಡೀ ಹಾಳೆಯನ್ನು ನೀರಿಗೆ ಅದ್ದಿ ಎಳೆದ. ಒದ್ದೆ ಹಾಳೆ ಬೆಣ್ಣೆಯ ಹಾಗೆ ಬಿಟ್ಟುಕೊಂಡಿತು. ಅಷ್ಟೇ, ಮಧ್ಯಾಹ್ನದವರೆಗೂ ಆ ಮನೆಯಲ್ಲಿ ಗಡಿಯಾರದ ಟಿಕ್‌ಟಿಕ್ ಬಿಟ್ಟರೆ ಇನ್ನೇನೂ ಕೇಳಲಿಲ್ಲ.

ನೆನೆದ ಕಾಗದವನ್ನು ಮರುದಿನ ಹಿಂಡಿ, ಮೈದಾ ಅಂಟಿನ ಜೊತೆ ನಾದಿ, ಎಣ್ಣೆ ಸವರಿದ ಬಟ್ಟಲಿನ ಬೆನ್ನಿಗೆ ಮೆತ್ತಿ ತಾರಸಿಯಲ್ಲಿ ಒಣಗಿಸಿದರು. ಒಣಗಿದ ಮೇಲೆ ಬಿಡಿಸಿದರೆ ಕಾಗದದ ಬಟ್ಟಲು. ಅತ್ತೆ ಅದನ್ನು ಬೆರಳಿನಿಂದ ತಟ್ಟಿ ನೋಡಿ, ತಮ್ಮ ಮಾತ್ರೆಗಳನ್ನು ಅದರಲ್ಲಿ ಹಾಕಿಟ್ಟುಕೊಂಡರು.

ಅಲ್ಲಿಂದ ಮುಂದೆ ಅತ್ತೆ ಗಮನಿಸತೊಡಗಿದರು. ಸೊಸೆ ಸಂಜೆ ಕೆಲಸಕ್ಕೆ ಹೊರಡುವ ಮೊದಲು ಮಾರನೆಯ ದಿನದ ಸಾಮಾನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟೇ ಹೋಗುತ್ತಿದ್ದಳು. ಒಂದು ದಿನ ಒಂಟಿ ಕಾಲ್ಚೀಲಗಳು, ಕಣ್ಣಿಗೆ ಗುಂಡಿಗಳು, ಸೇರಿಸಿದರೆ ಕೈಗೆ ತೊಡುವ ಗೊಂಬೆ. ಇನ್ನೊಂದು ದಿನ ಬೆಂಡೆಕಾಯಿಯ ತೊಟ್ಟು, ಅದನ್ನು ಬಣ್ಣಕ್ಕೆ ಅದ್ದಿ ಒತ್ತಿದರೆ ಹಾಳೆ ತುಂಬ ಹೂವು.

"ಇದೆಲ್ಲ ಎಲ್ಲಿ ಕಲ್ತೆ?" ಅತ್ತೆ ಒಂದು ಸಂಜೆ ತಡೆಯಲಾರದೆ ಕೇಳಿದರು.

ಸೊಸೆ ಜಡೆ ಹೆಣೆದುಕೊಳ್ಳುತ್ತಿದ್ದಳು. "ವಾರ್ಡಿನಲ್ಲಿ, ಅತ್ತೆ. ಕೈಗೆ ಸೂಜಿ ಚುಚ್ಚಿರೋ ಮಗು ಎದ್ದು ಓಡೋ ಹಾಗಿಲ್ಲ. ಸುಮ್ನಿರು ಅಂದ್ರೆ ಯಾವ ಮಗೂ ಸುಮ್ನಿರಲ್ಲ. ಇನ್ನೊಂದು ಕೈಗೆ ಏನಾದ್ರೂ ಕೊಟ್ಟುಬಿಡ್ತೀನಿ."

ಬಿಸಿಲು ನೆತ್ತಿ ಸುಡುವ ದಿನಗಳು ಬಂದಾಗ ಕಟ್ಟೆಯ ಮೇಲೆ ಕಡುನೀಲಿ ಕಾಗದ ಬಂತು. ಅದರ ಮೇಲೆ ಎಲೆ, ಬಳೆ, ಕತ್ತರಿ ಇಟ್ಟು ತಾರಸಿಯಲ್ಲಿ ಬಿಡಬೇಕು. ಕೆಲವು ದಿನ ಕಳೆದು ಎತ್ತಿದರೆ ಸುತ್ತಲಿನ ನೀಲಿಯೆಲ್ಲ ಬಿಸಿಲಿಗೆ ಬಿಳಿಚಿಕೊಂಡು, ಎಲೆ ಇದ್ದಲ್ಲಿ ಎಲೆ, ಬಳೆ ಇದ್ದಲ್ಲಿ ಬಳೆ ಮಾತ್ರ ಕಡುನೀಲಿಯಾಗಿ ಉಳಿಯುತ್ತಿತ್ತು.

"ನನಗೆ ಅಮ್ಮನ ಕೈ ಬೇಕು," ಎಂದು ಹಟ ಹಿಡಿದ ಪಟಾಕಿ.

"ಅಮ್ಮ ಬಿಸಿಲಲ್ಲಿ ಕೈ ಚಾಚಿಕೊಂಡು ಕೂರೋಕಾಗುತ್ತೇನೋ?" ಎಂದಳು ಅಕ್ಕ. ಆಮೇಲೆ ಅವಳೇ ಉಪಾಯ ಹೇಳಿದಳು. ರಟ್ಟಿನ ಮೇಲೆ ಕೈಯ ಗೆರೆ ಎಳೆದುಕೊಂಡು, ಕತ್ತರಿಸಿ, ರಟ್ಟಿನ ಕೈಯನ್ನೇ ಬಿಸಿಲಿಗಿಟ್ಟರಾಯಿತು.

ಇಬ್ಬರೂ ಬೆಕ್ಕಿನ ಹೆಜ್ಜೆ ಇಟ್ಟು ಪರದೆಯ ಒಳಗೆ ಹೋದರು. ಅಡುಗೆಯ ಕಡೆಯಿದ್ದ ಅತ್ತೆ ಓಡಿ ಬರುವಷ್ಟರಲ್ಲಿ ಹುಡುಗ ಮಂಚದ ಪಕ್ಕ ಮಂಡಿಯೂರಿದ್ದ. ಹಿಂದಿನ ರಾತ್ರಿ ವಾರ್ಡಿನಲ್ಲಿ ಕೂರಲೂ ಪುರಸೊತ್ತಿರಲಿಲ್ಲ ಎಂದು ಸೊಸೆ ಬೆಳಿಗ್ಗೆ ತಿಂಡಿಯನ್ನೂ ಮುಟ್ಟದೆ ಮಲಗಿದ್ದಳು. ಅಕ್ಕ ರಟ್ಟನ್ನು ಅಂಗೈ ಕೆಳಗೆ ತೂರಿಸಿದಳು. ತಮ್ಮ ಉಸಿರು ಬಿಗಿಹಿಡಿದು, ನಾಲಿಗೆ ಹೊರಚಾಚಿ, ಒಂದೊಂದೇ ಬೆರಳಿನ ಸುತ್ತ ಪೆನ್ಸಿಲು ಆಡಿಸುತ್ತಿದ್ದ.

ಮೊಮ್ಮಗನ ರಟ್ಟೆ ಹಿಡಿದೆಳೆಯಬೇಕೆಂದು ಕೈ ಚಾಚಿದ ಅತ್ತೆ ಅಲ್ಲೇ ನಿಂತರು. ಸೊಸೆಯ ರೆಪ್ಪೆ ಅದುರುತ್ತಿತ್ತು. ತುಟಿಯನ್ನು ಒಳಗಿನಿಂದ ಕಚ್ಚಿಕೊಂಡಿದ್ದಳು. ನಿದ್ದೆ ಹಾರಿಹೋಗಿ ಎಷ್ಟು ಹೊತ್ತಾಗಿತ್ತೋ, ಮಕ್ಕಳ ಕೆಲಸ ಕೆಡಬಾರದೆಂದು ಮರದ ಕೊರಡಿನ ಹಾಗೆ ಬಿದ್ದುಕೊಂಡಿದ್ದಳು. ಅತ್ತೆ ಪರದೆಯನ್ನು ಮೆಲ್ಲಗೆ ಬಿಟ್ಟು ಹಿಂದೆ ಸರಿದರು.

ಸಂಜೆ ಕಾಫಿ ಕೊಡುವಾಗ ಕೇಳಿದರು. "ಎಚ್ಚರ ಇತ್ತಲ್ಲ ನಿನಗೆ?"

ಸೊಸೆ ನಕ್ಕಳು. "ಪೆನ್ಸಿಲ್ ಮೊನೆ ಒಂದೇ ಸಮ ಕಚಗುಳಿ ಇಡ್ತಿತ್ತು, ಅತ್ತೆ. ನಾನು ನಕ್ಕಿದ್ರೆ ಆ ಕೈಗೆ ಆರನೇ ಬೆರಳು ಬಂದಿರೋದು."

"ಸರಿ, ನಗು," ಎಂದರು ಅತ್ತೆ. "ನಾಳೆಯಿಂದ ಕಟ್ಟೆಯ ಮೇಲೆ ಏನೂ ಇಡಬೇಡ. ಅದನ್ನೆಲ್ಲ ಹೊಂದಿಸೋ ಹೊತ್ತಲ್ಲಿ ಕಾಲು ಚಾಚಿ ಕೂತ್ಕೋ. ನಾನೂ ಮಕ್ಕಳನ್ನ ಹೆತ್ತು ಸಾಕಿದವಳೇ."

ಮಾರನೆಯ ದಿನ ಅತ್ತೆ ತಮ್ಮದೊಂದು ಹಳೇ ಸೀರೆಯನ್ನು ಕತ್ತರಿಸಿ, ಹತ್ತಿ ತುಂಬಿ ಗೊಂಬೆ ಹೊಲಿಯುವುದನ್ನು ಹೇಳಿಕೊಟ್ಟರು. ಪಟಾಕಿ ಸೂಜಿಗೆ ದಾರ ಪೋಣಿಸುವುದರಲ್ಲಿ ಎತ್ತಿದ ಕೈ ಎಂದು ಗೊತ್ತಾಯಿತು. ಗೊಂಬೆಗೆ ಒಂದು ಕಾಲು ಗಿಡ್ಡವಾಯಿತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮೇಲಿನ ಮನೆಯಾಕೆ ಬಾಗಿಲಲ್ಲಿ ತಲೆ ಹಾಕಿ, "ಏನ್ರೀ, ಮಕ್ಕಳ ಸದ್ದೇ ಇಲ್ಲ, ಎಲ್ಲಾದ್ರೂ ಕಳಿಸಿದೀರಾ?" ಎಂದಳು ದೊಡ್ಡ ದನಿಯಲ್ಲಿ.

ಅತ್ತೆ ಧಡಕ್ಕನೆ ಎದ್ದು ಅವಳನ್ನು ಮೆಟ್ಟಿಲಿನವರೆಗೂ ಕರೆದುಕೊಂಡು ಹೋದರು. "ಮೆಲ್ಲಗೆ ಮಾತಾಡಿ. ನನ್ನ ಸೊಸೆ ರಾತ್ರಿಯೆಲ್ಲ ಕಂಡವರ ಮಕ್ಕಳನ್ನ ಕಾದು ಬಂದಿದಾಳೆ. ಬನ್ನಿ, ಇಲ್ಲೇ ಕೂರಿ," ಎಂದು ಅವಳ ಕೈಗೂ ಒಂದು ಸೂಜಿ, ಗೊಂಬೆಯ ಕಣ್ಣಿಗೆಂದು ಎರಡು ಗುಂಡಿ ಕೊಟ್ಟರು.