ಹಾಲು ಹಾಕದ ಚಹಾ

ಬಾಳೆಲೆಯ ಪಕ್ಕ ನಾನಿಟ್ಟ ಚಹಾದ ಲೋಟವನ್ನು ಸೆಲ್ವಿ ಮೆಲ್ಲನೆ ಹಿಂದಕ್ಕೆ ತಳ್ಳಿದಳು.

ಎಂಬತ್ತರ ದಶಕದಲ್ಲಿ ನಾನು ಸುಳ್ಯದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ಸೆಲ್ವಿ ಶ್ರೀಲಂಕಾದ ಚಹಾ ತೋಟದವಳು. ಅಲ್ಲಿ ತಮಿಳರ ಮೇಲೆ ನಡೆದ ಗಲಭೆಯಲ್ಲಿ ಮನೆಯೊಂದಿಗೆ ಗಂಡನೂ ಸುಟ್ಟುಹೋದ ಮೇಲೆ ಅತ್ತೆಯ ಜೊತೆ ಇಲ್ಲಿಯ ರಬ್ಬರ್ ತೋಟಕ್ಕೆ ಬಂದಿದ್ದಳು. ರಬ್ಬರ್ ಹಾಳೆ ಒಣಗಿಸುವ ಹೊಗೆ ಮೂಗಿಗೆ ಬಡಿದರೆ ಸಾಕು, ಓಡಿಹೋಗಿ ಅಡಗುತ್ತಿದ್ದಳು. ಮನೆಯ ಒಲೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಡಾಕ್ಟರರ ಮಾತ್ರೆಯಿಂದ ನಿದ್ದೆ ಬಂತು, ನಡುಕ ಇಳಿಯಿತು. ಅಂದೇ ನಿಂತುಹೋದ ಮಾತು ಮಾತ್ರ ಬರಲಿಲ್ಲ.

ಸೆಲ್ವಿಯ ಗಂಡನಿಗೆ ಯಾವ ಉತ್ತರಕ್ರಿಯೆಯೂ ಆಗಿಲ್ಲವೆಂದು ಅತ್ತೆ ಹೇಳಿದ ದಿನ ಡಾಕ್ಟರರು ನನ್ನನ್ನು ಕರೆದರು. “ಮಾತ್ರೆ ನಿಲ್ಲಿಸುದು ಬೇಡ ಸಿಸ್ಟರ್. ಆದ್ರೆ ಅವನಿಗೊಂದು ಎಲೆ ಹಾಕಿ ಬಡಿಸ್ಬೇಕು. ನೀವೂ ಹೋಗಿ.”

ಸತ್ತವರಿಗೆ ಅವರ ಇಷ್ಟದ್ದನ್ನೇ ಬಡಿಸುವುದು ನಮ್ಮ ಕ್ರಮ. ಅವನಿಗೆ ಚಹಾ ಎಂದರೆ ಪ್ರಾಣವೆಂದು ಕೇಳಿ, ನಮ್ಮ ದನದ ಗಟ್ಟಿ ಹಾಲು ಅವರ ಮನೆಗೆ ಒಯ್ದು ನಾನೇ ಮಾಡಿದ್ದೆ.

“ಅವರಿಗೆ ಹಾಲು ಬೇಡ ಅಕ್ಕ,” ಎಂದಳು ಸೆಲ್ವಿ. ನಾನು ಕೇಳಿದ ಅವಳ ಮೊದಲ ಮಾತು ಅದು.

ತಾನೇ ಎದ್ದು ಆರಿದ್ದ ಒಲೆಯನ್ನು ಮತ್ತೆ ಹೊತ್ತಿಸಿದಳು. ಹೊಗೆ ಕಣ್ಣಿಗೆ ನುಗ್ಗಿದರೂ ಕದಲಲಿಲ್ಲ. ಕರಿ ಚಹಾವನ್ನೂ ಒಂದು ಚೂರು ಬೆಲ್ಲವನ್ನೂ ಎಲೆಯ ಬಳಿ ಇಟ್ಟು, ಬಾಗಿಲನ್ನೇ ನೋಡುತ್ತಾ ಕುಳಿತಳು. ಚಹಾ ಆರಿದ ಮೇಲೆ ಅತ್ತಳು.

ಮುಂದೆಯೂ ಬಹಳ ಕಾಲ ಅವಳು ಮಾತ್ರೆಗೆ ಬರುತ್ತಿದ್ದಳು. ಬಂದಾಗಲೆಲ್ಲ ಗಂಡನ ಹಳೆಯದೊಂದು ಸುದ್ದಿ ಹೇಳಿ ಹೋಗುತ್ತಿದ್ದಳು. ನಾನು ಎಂದೂ ನೋಡದ ಆ ಮನುಷ್ಯ, ಬೆಲ್ಲ ಕಚ್ಚಿಕೊಂಡು ಚಹಾ ಕುಡಿಯುವುದು ನನಗೆ ಈಗಲೂ ಕಾಣುತ್ತದೆ.